ನಾಲ್ಕು ಪ್ಯಾಲೆಟ್ ಹತ್ತಿದ್ದು, ಅದೂ ಉಲ್ಟಾ ಕಡೆಯಿಂದ

ದೀಪಾವಳಿ ಮುಗಿದ ಮೊದಲ ಭಾನುವಾರ, ಕಾಲು ನೆಲಕ್ಕೆ ತಾಗಿಸದೆ ಯುನಿಸೈಕಲ್ (ಒಂದೇ ಚಕ್ರದ ಸೈಕಲ್) ಸಮೇತ ನಾಲ್ಕು ಪ್ಯಾಲೆಟ್, ಅಂದ್ರೆ ಸರಕು ಇಡೋ ಮರದ ಹಲಗೆ ಚೌಕಟ್ಟುಗಳ ಮೇಲೆ ಹತ್ತಿ ನಿಂತೆ. ಟೇಪ್ ಹಿಡಿದು ಅಳೆದರೆ 57 ಸೆಂಟಿಮೀಟರ್. ನನ್ನ ವಯಸ್ಸು 41. ನೋಡಿದ್ದು ಇಬ್ಬರೇ: ಗೋಡೌನ್ ವಾಚ್‌ಮನ್ ಮತ್ತು ಒಂದು ನಾಯಿ. ವಾಚ್‌ಮನ್ ಬೀಡಿ ಕೆಳಗಿಟ್ಟು, "ಸಾರ್, ಇದಕ್ಕೇನಾ ಎರಡು ವರ್ಷದಿಂದ ಬೀಳ್ತಿದ್ದಿದ್ದು?" ಅಂದ. ಹೌದಪ್ಪಾ, ಇದಕ್ಕೇ.

ಯುನಿಸೈಕಲ್ ಓಡಿಸೋದು ಹೇಗೆ, ನಿಂತಲ್ಲೇ ಹಾಪ್ ಮಾಡೋದು, ಅಂದ್ರೆ ಗಾಡಿ ಸಮೇತ ನೆಗೆಯೋದು ಹೇಗೆ ಅಂತ ಇಲ್ಲಿ ಬರೆಯಲ್ಲ. ಅದು ನಿಮಗೆ ಗೊತ್ತು. ಹೇಳಬೇಕಾಗಿರೋದು ಪೆಡಲ್ ಗ್ರ್ಯಾಬ್ ಬಗ್ಗೆ. ಹಾರಿ ಒಂದು ಪೆಡಲನ್ನು ಅಂಚಿನ ಮೇಲೆ ಇಳಿಸಿ, ಅಲ್ಲಿ ಒಂದು ಕ್ಷಣ ನಿಂತು, ಎರಡನೇ ಹಾರಿಕೆಯಲ್ಲಿ ಟಯರ್ ಮೇಲೆ ತರೋದು. ಇದನ್ನು ಕೊನೆಯ ಹಂತದಿಂದ ಶುರು ಮಾಡಿ ಮೊದಲ ಹಂತಕ್ಕೆ ಬಂದು ಕಲಿತೀನಿ ಅಂದಾಗ ಎಲ್ಲರೂ ನಕ್ಕರು. ಬೈಕ್ ಟ್ರಯಲ್ಸ್ (ಕಾಲು ಕೆಳಗಿಡದೆ ಅಡಚಣೆ ದಾಟೋ ಆಟ) ಮಾಡೋ ಗೆಳೆಯನೊಬ್ಬ ಇದ್ದಾನೆ. ನನಗಿಂತ ಹದಿನೈದು ವರ್ಷ ಚಿಕ್ಕವನು. "ಅಣ್ಣಾ, ಮೊದಲು ಹಾರೋದು ಕಲೀರಿ. ನಿಲ್ಲೋದು ಆಮೇಲೆ ತಾನಾಗೇ ಬರತ್ತೆ" ಅಂದ. ಅವನಿಗೆ ಬಂದಿರಬಹುದು. ನನಗೆ ಒಂದೂವರೆ ವರ್ಷ ಬರಲಿಲ್ಲ.

ಮೊದಲು ದುಡ್ಡಿನ ಕಥೆ ಹೇಳಿಬಿಡ್ತೀನಿ, ಹೊಟ್ಟೆ ಉರಿ ಇರೋದು ಅಲ್ಲೇ. ಮೊದಲು ತಗೊಂಡಿದ್ದು ಆರೂವರೆ ಸಾವಿರದ 20 ಇಂಚಿನ ಗಾಡಿ. ಚೌಕ ಆಕ್ಸಲ್, ತೆಳ್ಳನೆ ಕ್ರ್ಯಾಂಕ್ (ಪೆಡಲನ್ನು ಆಕ್ಸಲ್‌ಗೆ ಸೇರಿಸೋ ತೋಳು). ಓಡಿಸೋಕೆ ಚೆನ್ನಾಗಿತ್ತು. ಹಾಪ್ ಶುರು ಮಾಡಿದ ಎರಡನೇ ತಿಂಗಳಿಗೆ ಎಡಗಡೆ ಕ್ರ್ಯಾಂಕಿನ ಚೌಕ ತೂತು ದುಂಡಗಾಯಿತು. ಲೇತ್ ಅಂಗಡಿಗೆ ಹೋಗಿ ಕ್ರ್ಯಾಂಕನ್ನೇ ಆಕ್ಸಲ್‌ಗೆ ವೆಲ್ಡ್ ಮಾಡಿಸಿದೆ. 300 ರೂಪಾಯಿ. ಭಾರಿ ಬುದ್ಧಿವಂತ ಅಂದುಕೊಂಡಿದ್ದೆ. ಒಂಬತ್ತು ದಿನ ಬಾಳಿತು. ಹತ್ತನೇ ದಿನ ವೆಲ್ಡ್ ಗಟ್ಟಿಯಾಗೇ ಇತ್ತು, ಅದರ ಪಕ್ಕದಲ್ಲಿ ಕಾವಿಗೆ ಮೆತ್ತಗಾಗಿದ್ದ ಕ್ರ್ಯಾಂಕ್ ಬಾಳೆಹಣ್ಣಿನ ಥರ ಬಗ್ಗಿತ್ತು. ಈಗ ಬೇರಿಂಗ್ ಕೂಡ ಬಿಚ್ಚೋಕಾಗಲ್ಲ. ಗುಜರಿಗೆ ಹಾಕಿದೆ.

ಆಮೇಲೆ ಸರಿಯಾದ ಟ್ರಯಲ್ಸ್ ಗಾಡಿ ಹೊರಗಿನಿಂದ ತರಿಸಿದೆ. 19 ಇಂಚಿನ ರಿಮ್, ಎರಡೂವರೆ ಇಂಚು ದಪ್ಪದ ಟಯರ್, ಸ್ಪ್ಲೈನ್ (ಕ್ರ್ಯಾಂಕನ್ನು ಕಚ್ಚಿ ಹಿಡಿಯೋ ಹಲ್ಲು) ಇರೋ ಹಬ್, 137 ಮಿಲಿಮೀಟರ್ ಕ್ರ್ಯಾಂಕ್. ಗಾಡಿ, ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ 46 ಸಾವಿರದ ಆಸುಪಾಸು. ಮನೆಯಲ್ಲಿ ಹೇಳಿದ್ದು ಬೇರೆ ಮೊತ್ತ. ಟ್ಯೂಬ್ ಮಾತ್ರ ನಮ್ಮ ಬಿಎಂಎಕ್ಸ್ 20 ಇಂಚಿನದೇ ಕೂರುತ್ತೆ, ಅದಕ್ಕಾಗಿ ಹೊರದೇಶಕ್ಕೆ ದುಡ್ಡು ಕಳಿಸಬೇಡಿ.

ಪ್ಯಾಲೆಟ್ ಸಿಕ್ಕಿದ್ದು ಪೀಣ್ಯದಲ್ಲಿ, ನಾನು ಸ್ಟೋರ್ಸ್ ನೋಡಿಕೊಳ್ಳೋ ಯೂನಿಟ್ಟಿನ ಹಿಂದೆಯೇ. ಗುಜರಿ ರೇಟಿಗೆ ಒಂದಕ್ಕೆ 150ರಂತೆ ಆರು. ಯುರೋಪಿನ ಪ್ಯಾಲೆಟ್ ಆದರೆ ಕಣ್ಣು ಮುಚ್ಚಿಕೊಂಡು 14.4 ಸೆಂಟಿಮೀಟರ್ ಅನ್ನಬಹುದು. ಅಲ್ಲಿನವರು ಎತ್ತರ ಹೇಳೋದೂ ಪ್ಯಾಲೆಟ್ ಲೆಕ್ಕದಲ್ಲೇ. ನಮ್ಮ ಪೀಣ್ಯದ್ದು ಒಂದು 12, ಇನ್ನೊಂದು 15. ಆರಿಸಿ ಆರಿಸಿ 14ರ ಹತ್ತಿರದವನ್ನು ಎತ್ತಿಟ್ಟುಕೊಂಡೆ.

ನನ್ನ ನಿಂತ ಹಾಪ್ 33 ಸೆಂಟಿಮೀಟರಿಗೆ ಬಂದು ನಿಂತುಬಿಟ್ಟಿತ್ತು. ಎರಡು ಪ್ಯಾಲೆಟ್ ಸಲೀಸು, ಮೂರಕ್ಕೆ ಟಯರ್ ಅಂಚಿಗೆ ಬಡಿದು ನಾನು ಹಿಂದಕ್ಕೆ. ಸ್ಕ್ವಾಟ್ ಮಾಡಿದೆ, ತೂಕ ಇಳಿಸಿದೆ, ಮಂಡಿಗೆ ಫಿಸಿಯೋ ಹತ್ತಿರ ಐದು ಸಿಟಿಂಗ್ ಹೋದೆ. ಮೂರು ಸಾವಿರ ಹೋಯಿತು, ಮೂರು ಸೆಂಟಿಮೀಟರ್ ಬರಲಿಲ್ಲ.

ಒಂದು ದಿನ ಗಾಡಿಯನ್ನು ಪ್ಯಾಲೆಟ್ ಪಕ್ಕ ಒರಗಿಸಿಟ್ಟು ಟೀ ಕುಡಿಯುತ್ತಿದ್ದೆ. ಕ್ರ್ಯಾಂಕ್ ಅಡ್ಡಕ್ಕಿತ್ತು. ಪೆಡಲ್ ನೆಲದಿಂದ ಎಷ್ಟು ಮೇಲಿದೆ ಅಂತ ಸುಮ್ನೆ ಅಳೆದೆ. 24 ಸೆಂಟಿಮೀಟರ್. ಅಂದ್ರೆ ನನ್ನ 33ಕ್ಕೆ ಈ 24 ಸೇರಿಸಿದರೆ 57. ನಾಲ್ಕು ಪ್ಯಾಲೆಟ್! ಕಾಲಿನಲ್ಲಿ ಹೊಸ ಶಕ್ತಿ ಏನೂ ಬೇಕಿಲ್ಲ. ಪೆಡಲ್ ಮೇಲೆ ನಿಲ್ಲೋ ಧೈರ್ಯ ಬೇಕು ಅಷ್ಟೆ. ಪೆಡಲ್ ಗ್ರ್ಯಾಬ್ ಅನ್ನೋದು ಇದೆ ಅಂತ ಮೊದಲೇ ಗೊತ್ತಿತ್ತು. ಆದರೆ ಪ್ರತಿ ಸಲ ಹಾರಿ ಪೆಡಲ್ ಅಂಚಿಗೆ ತಾಗಿದ ತಕ್ಷಣ ಗಾಬರಿಯಾಗಿ ಗಾಡಿ ಬಿಟ್ಟು ಇಳಿದುಬಿಡುತ್ತಿದ್ದೆ. ನನಗೆ ಭಯ ಇದ್ದದ್ದು ಹಾರೋಕಲ್ಲ, ತಲುಪಿದ ಮೇಲಿನ ಜಾಗದ್ದು. ಹಾಗಾದರೆ ಮೊದಲು ಆ ಜಾಗದಲ್ಲೇ ಬಾಳೋಣ ಅಂದುಕೊಂಡೆ.

ಎರಡು ಪ್ಯಾಲೆಟ್ ಜೋಡಿಸಿದೆ. 28 ಸೆಂಟಿಮೀಟರ್. ಪೆಡಲ್ 24ರಲ್ಲಿರೋದರಿಂದ ಅದನ್ನು ಅಂಚಿನ ಮೇಲೆ ಇಟ್ಟಾಗ ಚಕ್ರ ನೆಲದಿಂದ ಬರೀ ಮೂರು ಬೆರಳಿನಷ್ಟು ಮೇಲೆ ತೂಗುತ್ತೆ. ಜಾರಿದರೂ ಬೀಳೋದು ಮೂರು ಬೆರಳು. ಗೋಡೆ ಪಕ್ಕ ಇಟ್ಟುಕೊಂಡು, ಕೈಯಿಂದಲೇ ಎಡ ಪೆಡಲನ್ನು ಅಂಚಿನ ಮೇಲಿಟ್ಟು, ಟಯರಿನ ಪಕ್ಕೆಯನ್ನು ಪ್ಯಾಲೆಟ್ ಮೈಗೆ ಒರಗಿಸಿ, ಹತ್ತಿ ನಿಂತೆ. ಹಾರೋದೇ ಇಲ್ಲ. ನಿಲ್ಲೋದು, ಇಳಿಯೋದು. ಮೂರು ಎಣಿಸೋವರೆಗೆ, ಆಮೇಲೆ ಐದು, ಹತ್ತು. ಹನ್ನೊಂದು ದಿನ ಬರೀ ಇದೇ. ವಾಚ್‌ಮನ್‌ಗೆ ನನ್ನ ತಲೆ ಕೆಟ್ಟಿದೆ ಅಂತ ಖಾತ್ರಿಯಾಗಿದ್ದು ಆಗಲೇ.

ಇಲ್ಲಿ ಒಂದು ಕಿರಿಕ್. ಪ್ಯಾಲೆಟ್ ಪಕ್ಕದಲ್ಲಿ ಫೋರ್ಕ್‌ಲಿಫ್ಟ್ ಹಲ್ಲು ಹೋಗೋ ಸಂದು ಇರುತ್ತಲ್ಲ, ಟಯರ್ ಅದರೊಳಗೆ ನುಗ್ಗುತ್ತೆ. ಹಾಗೆ ಸಿಕ್ಕಿಕೊಂಡು ಹಿಂದಕ್ಕೆ ಬಿದ್ದು ಮೊಳಕೈ ಊದಿತು. 900 ರೂಪಾಯಿಯ ಒಂದು ತುಂಡು ಪ್ಲೈವುಡ್ ತಂದು ಆ ಮುಖಕ್ಕೆ ಮೊಳೆ ಹೊಡೆದೆ. ಮೊದಲ ದಿನವೇ ಮಾಡಿಬಿಡಿ.

ನಂತರ ಪೆಡಲ್‌ನಿಂದ ಟಯರಿಗೆ. ನನ್ನ ಪ್ರಕಾರ ನಿಜವಾದ ಕಷ್ಟ ಇದೇ, ಜನ ಮಾತಾಡೋದು ಮಾತ್ರ ಮೊದಲ ಹಾರಿಕೆ ಬಗ್ಗೆ. ಸೀಟನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ತೆಗೆದು ಬಲಗೈಯಲ್ಲಿ ಹಿಡಿದಿರುತ್ತೇನೆ. ಭಾರ ಪೂರ್ತಿ ಎಡಗಾಲ ಮೇಲೆ. ಕುಕ್ಕರಿಸಿ ಎದ್ದಾಗ ಚಕ್ರ ಇಪ್ಪತ್ತೈದು ಸೆಂಟಿಮೀಟರ್ ಮೇಲೆ ಬರಬೇಕು, ಜೊತೆಗೆ ಒಂದು ಗೇಣು ಒಳಕ್ಕೂ ಹೋಗಬೇಕು. ನಾನು ಮಾಡುತ್ತಿದ್ದ ತಪ್ಪು ಎರಡು. ಒಂದು, ದೇಹ ಏಳೋಕೆ ಮೊದಲೇ ಕೈ ಸೀಟನ್ನು ಎಳೆಯೋದು. ಆಗ ಚಕ್ರ ಮೇಲೆ ಬರುತ್ತೆ, ನಾನು ಅಲ್ಲೇ ಉಳಿದಿರುತ್ತೇನೆ. ಎರಡು, ಅಂಚನ್ನೇ ನೋಡೋದು. ಅಂಚು ನೋಡಿದರೆ ಟಯರ್ ಅಂಚಿಗೇ ಇಳಿಯುತ್ತೆ, ಅಲ್ಲಿಂದ ಉರುಳಿ ವಾಪಸ್. ಪ್ಯಾಲೆಟ್ ಆ ಕಡೆ ಅಂಚಿನಲ್ಲಿ ಒಂದು ಕೆಂಪು ಇಟ್ಟಿಗೆ ಇಟ್ಟು ಅದನ್ನೇ ನೋಡುತ್ತಾ ಹಾರಿದೆ. ಎರಡನೇ ತಪ್ಪು ಎರಡೇ ದಿನದಲ್ಲಿ ಹೋಯಿತು. ಮೊದಲನೆಯದಕ್ಕೆ ಮೂರು ವಾರ, ಹೆಚ್ಚುಕಮ್ಮಿ 400 ಸಲ. ಆ ಹೊತ್ತಿನಲ್ಲಿ ನನ್ನ ಎಡಗೈ ಎಲ್ಲಿರುತ್ತೆ ಅನ್ನೋದು ಮಾತ್ರ ಬರೆಯಲ್ಲ. ಎದುರು ಸಿಕ್ಕಿದರೆ ತೋರಿಸ್ತೀನಿ. ಅದಕ್ಕೆ ನಾನು ಕೊಟ್ಟ ಬೆಲೆ ಒಂದು ಹಲ್ಲಿನ ತುದಿ.

ಈ ಮಧ್ಯೆ ದಾರಿ ತಪ್ಪಿದ್ದೂ ಉಂಟು. ಟಯರ್ ಗಾಳಿ ಕಡಿಮೆ ಮಾಡಿದರೆ ಚೆಂಡಿನ ಥರ ಪುಟಿಯುತ್ತೆ ಅಂತ ಯಾರೋ ಅಂದರು. ನಾನು 68 ಕಿಲೋ. 22 ಪಿಎಸ್‌ಐಯಿಂದ 15ಕ್ಕೆ ಇಳಿಸಿದೆ. ಪುಟಿಯಿತು, ನಿಜ. ಆದರೆ ಸೈಡ್ ಹಾಪ್‌ನಲ್ಲಿ ಇಳಿದಾಗ ಟಯರ್ ಪಕ್ಕಕ್ಕೆ ಮಡಚಿ, ರಿಮ್ಮು ಪ್ಯಾಲೆಟ್ ಮೊಳೆಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು. 28ಕ್ಕೆ ಏರಿಸಿದೆ, ಗಾಡಿ ನನ್ನ ಮಾತೇ ಕೇಳಲಿಲ್ಲ. ಮತ್ತೆ 22. ಇನ್ನೊಂದು ಸಲ ಪೆಡಲಿನ ಪಿನ್ (ಹಿಡಿತಕ್ಕೆ ಇರೋ ಮುಳ್ಳು) ಸವೆದಿದೆ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ತಲೆಯಿಲ್ಲದ ಎಂ4 ಗ್ರಬ್ ಸ್ಕ್ರೂ ಒಂದು ಹಿಡಿ ತಂದು, ಎರಡು ಮಿಲಿಮೀಟರ್ ಜಾಸ್ತಿ ಹೊರಗೆ ಬರೋ ಹಾಗೆ ಕೂರಿಸಿದೆ. ಮರದ ಮೇಲೆ ಹುಲಿ ಉಗುರಿನ ಹಾಗೆ ಕಚ್ಚುತ್ತೆ. ನನ್ನ ಮೊಣಕಾಲಿನ ಕೆಳಗೂ ಹಾಗೇ ಕಚ್ಚಿತು, ಏಳು ಹೊಲಿಗೆ. ಅಂದು 450 ರೂಪಾಯಿಯ ಫುಟ್‌ಬಾಲ್ ಶಿನ್ ಗಾರ್ಡ್ ಬ್ಯಾಗಿನಲ್ಲೇ ಇತ್ತು. ಸೆಕೆ ಅಂತ ಹಾಕಿಕೊಂಡಿರಲಿಲ್ಲ.

ಗ್ರಾನೈಟ್ ಮೇಲೆ ಈ ಪಿನ್ ಆಟ ನಡೆಯಲ್ಲ, ಜಾರುತ್ತೆ. ಕೆನಡಾದ ಯುನಿಸೈಕಲ್ ಸವಾರ ಕ್ರಿಸ್ ಹೋಮ್ ಬಂಡೆಗಳ ಮೇಲೆ ಹಾರೋದನ್ನು ನೋಡಿ ನನಗೂ ಕಲ್ಲಿನ ಆಸೆ ಹುಟ್ಟಿದ್ದು. ಅವರು ಹೊಟ್ಟೆಪಾಡಿಗೂ ಭೂವಿಜ್ಞಾನಿ, ಕಲ್ಲಿಗೂ ಅವರಿಗೂ ಮೊದಲೇ ಒಪ್ಪಂದ ಆಗಿರಬೇಕು. ನಮ್ಮ ಬಡಾವಣೆಯ ಚಪ್ಪಡಿ ಬೆಂಚಿಗೂ ನನಗೂ ಇನ್ನೂ ಆಗಿಲ್ಲ.

ಕೊನೆಗೆ ಉಳಿದದ್ದು ಎಲ್ಲರೂ ಮೊದಲು ಕಲಿಯೋ ಭಾಗ, ಅಂದ್ರೆ ನೆಲದಿಂದ ಪೆಡಲ್‌ಗೆ. ಒಂದು ಸಣ್ಣ ಹಾಪ್, ತಕ್ಷಣ ದೊಡ್ಡದು ಪಕ್ಕಕ್ಕೆ. ಇಳಿಯುವಾಗ ಕ್ರ್ಯಾಂಕ್ ಅಡ್ಡಕ್ಕೇ ಇರಬೇಕು, ಬಲಗಾಲು ಸಡಿಲ ಬಿಟ್ಟರೆ ಚಕ್ರ ತಿರುಗಿ ಕೆಳಗೆ ಕಳಿಸುತ್ತೆ. ನಿಜ ಹೇಳ್ತೀನಿ, ಮೂರು ಪ್ಯಾಲೆಟ್‌ಗೆ ಇದು ಮೊದಲ ಸಂಜೆಯೇ ಬಂತು. ಪೆಡಲ್ ತಾಗಿದ ಕೂಡಲೇ ಕಾಲಿಗೆ ಜಾಗದ ಗುರುತು ಸಿಕ್ಕಿತು. ಗಾಬರಿಯೇ ಆಗಲಿಲ್ಲ. ನಾಲ್ಕಕ್ಕೆ ಇನ್ನೂ ಐದು ವಾರ ಹಿಡಿಯಿತು.

ಆ ಬೈಕ್ ಟ್ರಯಲ್ಸ್ ಹುಡುಗನಿಗೆ ವಿಡಿಯೋ ಕಳಿಸಿದೆ. "ಅಣ್ಣಾ, ಇದು ಮೋಸ. ಮಧ್ಯೆ ನಿಂತ್ಕೊಂಡ್ರಲ್ಲ" ಅಂದ. ಯೂನಿಕಾನ್ (ಯುನಿಸೈಕಲ್ ವಿಶ್ವ ಚಾಂಪಿಯನ್‌ಶಿಪ್) ಟ್ರಯಲ್ಸ್‌ನಲ್ಲೂ ನಿಂತ್ಕೋಬಹುದು ಕಣೋ, ಕಾಲು ಕೆಳಗಿಡಬಾರದು ಅಷ್ಟೆ, ಬಿದ್ದರೆ ಅದೇ ಅಡಚಣೆಗೆ ಮತ್ತೆ ಮತ್ತೆ ಹೋಗಬಹುದು ಅಂದೆ. ಎರಡು ವಾರ ಸುಮ್ಮನಿದ್ದ. ಹೋದ ಶನಿವಾರ ತಾನೂ ಒಂದು ಹಳೇ ಯುನಿಸೈಕಲ್ ಎಲ್ಲಿಂದಲೋ ಎತ್ತಿಕೊಂಡು ಬಂದ. ಚೌಕ ಆಕ್ಸಲ್ಲಿನದು. ಲೇತ್ ಅಂಗಡಿ ವಿಳಾಸ ಕೇಳಿದ, ಕೊಡಲಿಲ್ಲ.

ಈ ನಾಲ್ಕು ಪ್ಯಾಲೆಟ್ ಎಡಗಡೆಯಿಂದ. ಬಲಗಡೆಯಿಂದ ಮಾತ್ರ ಇನ್ನೂ ಎರಡೇ, ಅದಕ್ಕೆ ಮತ್ತೆ ಗೋಡೆ ಪಕ್ಕ ನಿಂತು ಮೂರು ಎಣಿಸುತ್ತಿದ್ದೇನೆ.