ಪ್ರದೇಶವಾರು ವ್ಯಾಪಾರ ಸಮೀಕ್ಷೆ: ಯಾರನ್ನು ಕೇಳಬೇಕು, ಏನಂತ ಕೇಳಬೇಕು

ಜಿಡಿಪಿ ಅಂಕಿ ಬರುವುದು ತ್ರೈಮಾಸಿಕ ಮುಗಿದು ಸುಮಾರು ಎರಡು ತಿಂಗಳಾದ ಮೇಲೆ, ಅದೂ ಇಡೀ ದೇಶಕ್ಕೆ ಒಂದೇ ಸಂಖ್ಯೆ. ಗುಜರಾತಿನ ಮೊರ್ಬಿಯಲ್ಲಿ ಟೈಲ್ಸ್ ಗೂಡುಗಳು ಆರಿದ್ದರೂ, ತಿರುಪ್ಪೂರಿನಲ್ಲಿ ರಾತ್ರಿ ಪಾಳಿ ಹೊಸದಾಗಿ ಶುರುವಾಗಿದ್ದರೂ ಆ ಒಂದು ಸಂಖ್ಯೆಯೊಳಗೆ ಎರಡೂ ವಜಾ ಆಗಿಬಿಡುತ್ತವೆ. ರಿಸರ್ವ್ ಬ್ಯಾಂಕ್ ನಡೆಸುವ ಕೈಗಾರಿಕಾ ಮುನ್ನೋಟ ಸಮೀಕ್ಷೆ, ಗ್ರಾಹಕ ವಿಶ್ವಾಸ ಸಮೀಕ್ಷೆ ಒಳ್ಳೆಯವೇ, ಆದರೆ ಅವುಗಳಲ್ಲಿ ಮುಖ್ಯವಾಗಿ ಸಿಗುವುದು ಅಖಿಲ ಭಾರತ ಚಿತ್ರ. ಊರೂರಿನ ಸ್ಥಿತಿ ಬೇಕೆಂದರೆ ಕೇಳಿಯೇ ತಿಳಿಯಬೇಕು.

ಹೀಗೆ ಕೇಳುವುದಕ್ಕೆ ಪಳಗಿದ ಎರಡು ಮಾದರಿಗಳಿವೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್, ತಾನು ದೇಶವನ್ನು ಹಂಚಿಕೊಂಡಿರುವ 12 ‘ಜಿಲ್ಲೆ’ಗಳಿಂದ ವರ್ಷಕ್ಕೆ 8 ಬಾರಿ ‘ಬೇಜ್ ಬುಕ್’ ತರುತ್ತದೆ. ಅದು ಹೆಚ್ಚಾಗಿ ಮಾತುಕತೆಯಿಂದ ಬರೆದ ವರದಿ, 1983ರಿಂದ ಸಾರ್ವಜನಿಕರಿಗೂ ಸಿಗುತ್ತಿದೆ. ಜಪಾನಿನ ಸಂಪುಟ ಕಚೇರಿ 2000ದಿಂದ ನಡೆಸುತ್ತಿರುವ ಸಮೀಕ್ಷೆಯ ದಾರಿ ಬೇರೆ: ಟ್ಯಾಕ್ಸಿ ಚಾಲಕರು, ಅಂಗಡಿ ಮ್ಯಾನೇಜರುಗಳು, ಉದ್ಯೋಗ ಕೊಡಿಸುವ ಕಚೇರಿಯವರು ಸೇರಿ ಸುಮಾರು 2,050 ಮಂದಿಯನ್ನು ಪ್ರತಿ ತಿಂಗಳು 25ರಿಂದ ತಿಂಗಳ ಕೊನೆಯೊಳಗೆ ಕೇಳಿ ಸೂಚ್ಯಂಕ ಮಾಡುತ್ತಾರೆ. ವಾಣಿಜ್ಯ ಸಂಘ, ಪತ್ರಿಕೆ, ಸಾಲ ಕೊಡುವ ಸಂಸ್ಥೆ, ಕಾಲೇಜಿನ ಅರ್ಥಶಾಸ್ತ್ರ ವಿಭಾಗ, ಯಾರೇ ಭಾರತದಲ್ಲಿ ಇಂಥದ್ದನ್ನು ಮಾಡಹೊರಟರೂ ಎರಡನ್ನೂ ಬೆರೆಸುವುದು ಮೇಲು. ಲೆಕ್ಕಕ್ಕೆ ಜಪಾನಿನ ರೀತಿ, ವಿವರಣೆಗೆ ಅಮೆರಿಕದ ರೀತಿ.

ಪ್ರದೇಶ ಗೆರೆ ಎಳೆಯುವುದು

ಮೊದಲ ತಪ್ಪು ಇಲ್ಲೇ ಆಗುತ್ತದೆ. ರಾಜ್ಯದ ನಕ್ಷೆಯನ್ನೇ ಸಮೀಕ್ಷೆಯ ನಕ್ಷೆ ಮಾಡಿಕೊಳ್ಳುತ್ತಾರೆ. ಹೊಸೂರು ತಮಿಳುನಾಡಿನಲ್ಲಿದ್ದರೂ ಅದರ ವ್ಯವಹಾರದ ದೊಡ್ಡ ಪಾಲು ಬೆಂಗಳೂರಿನ ಜೊತೆ. ಬೆಳಗಾವಿಯ ಫೌಂಡ್ರಿಗಳಿಗೂ (ಲೋಹ ಎರಕದ ಕಾರ್ಖಾನೆಗಳು) ಕೊಲ್ಲಾಪುರದ ಫೌಂಡ್ರಿಗಳಿಗೂ ವಾಹನ ಕಂಪನಿಗಳ ಆರ್ಡರೇ ಆಧಾರ, ಒಂದು ಕಡೆ ನೆಗಡಿಯಾದರೆ ಇನ್ನೊಂದು ಕಡೆ ಸೀನು. ಕಾಸರಗೋಡಿನವರು ಸರಕಿಗೂ ಆಸ್ಪತ್ರೆಗೂ ಮಂಗಳೂರಿಗೇ ಬರುತ್ತಾರೆ. ಫೆಡರಲ್ ರಿಸರ್ವ್‌ನ ಗೆರೆಗಳೂ ರಾಜ್ಯದ ಗಡಿಗೆ ಕಟ್ಟುಬಿದ್ದಿಲ್ಲ. ಮಿಸೌರಿ ರಾಜ್ಯವೊಂದರಲ್ಲೇ ಸೇಂಟ್ ಲೂಯಿಸ್ ಮತ್ತು ಕಾನ್ಸಾಸ್ ಸಿಟಿ ಎಂದು ಎರಡು ರಿಸರ್ವ್ ಬ್ಯಾಂಕುಗಳಿವೆ.

ದೇಶಕ್ಕೆ 18ರಿಂದ 22 ಪ್ರದೇಶ ಸಾಕು. ಸರಕು ಯಾವ ಊರಿಗೆ ಹೋಗುತ್ತದೆ, ಕೆಲಸಕ್ಕೆ ಜನ ಎಲ್ಲಿಂದ ಬರುತ್ತಾರೆ, ಸಗಟು ಖರೀದಿ ಎಲ್ಲಿ, ಈ ಮೂರನ್ನು ನೋಡಿ ಜಿಲ್ಲೆಗಳನ್ನು ಗುಂಪು ಮಾಡಿ. ಆದರೆ ಜಿಲ್ಲೆಯನ್ನು ಮಾತ್ರ ಒಡೆಯಬೇಡಿ. ಮುಂದೆ ತಾಳೆ ನೋಡಲು ಬೇಕಾಗುವ ಸರ್ಕಾರಿ ಅಂಕಿಗಳು ಸಿಗುವುದು ಜಿಲ್ಲಾ ಮಟ್ಟದಲ್ಲಿ.

ಯಾರು ಉತ್ತರಿಸಬೇಕು

ಪ್ರತಿ ಪ್ರದೇಶಕ್ಕೆ ಕನಿಷ್ಠ 50 ಮಂದಿ. ಅದರಲ್ಲಿ 30 ಮಂದಿ ಸ್ವತಃ ವ್ಯಾಪಾರ ಅಥವಾ ಕಾರ್ಖಾನೆ ನಡೆಸುವವರು, ಉಳಿದ 20 ಮಂದಿ ಹತ್ತಾರು ಜನರ ವ್ಯಾಪಾರವನ್ನು ದಿನವೂ ಕಾಣುವವರು. ಈ ಎರಡನೆಯ ಗುಂಪನ್ನು ಬಿಟ್ಟು ಮಾಡಿದ ಸಮೀಕ್ಷೆ ಅರ್ಧ ಕುರುಡು. ಲಾರಿ ಬುಕಿಂಗ್ ಆಫೀಸಿನವರಿಗೆ ಯಾವ ದಿಕ್ಕಿಗೆ ಲೋಡ್ ಸಿಗುತ್ತಿಲ್ಲ, ವಾಪಸ್ ಟ್ರಿಪ್ ಖಾಲಿ ಬರುತ್ತಿದೆಯೇ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಎಪಿಎಂಸಿ ದಲ್ಲಾಳಿಗೆ ಆವಕ, ರೈತ ಕೇಳುವ ಮುಂಗಡ, ವರ್ತಕನ ಬಾಕಿ ಮೂರೂ ಗೊತ್ತು. ಆಡಿಟರ್ ಕೈಯಲ್ಲಿ ನಲವತ್ತು ಐವತ್ತು ಅಂಗಡಿಗಳ ಲೆಕ್ಕ ಇರುತ್ತದೆ. ಪ್ಯಾಕಿಂಗ್ ಬಾಕ್ಸ್ ಮಾಡುವವರು, ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರು, ಬ್ಯಾಂಕ್ ಶಾಖೆಯಲ್ಲಿ ಸಣ್ಣ ಉದ್ದಿಮೆ ಸಾಲ ನೋಡುವವರು, ಕೈಗಾರಿಕಾ ಪ್ರದೇಶದ ಊಟದ ಮೆಸ್ ನಡೆಸುವವರು ಕೂಡ ಈ ಗುಂಪಿನವರೇ. ಪೀಣ್ಯದಂಥ ಜಾಗದಲ್ಲಿ ಎರಡನೇ ಪಾಳಿ ನಿಂತಿತೆಂಬುದು ಮೆಸ್‌ನವನಿಗೆ ಅದೇ ರಾತ್ರಿ ತಿಳಿಯುತ್ತದೆ.

ಸಂಘದ ಪದಾಧಿಕಾರಿಗಳನ್ನು ಪಟ್ಟಿಯಿಂದ ದೂರ ಇಡಿ. ಅವರು ಹೇಳುವುದು ಸರ್ಕಾರಕ್ಕೆ ಕೊಟ್ಟ ಮನವಿಪತ್ರದ ಸಾರಾಂಶ.

30 ಮಂದಿ ಉದ್ಯಮಿಗಳಲ್ಲಿ ಹತ್ತಾದರೂ 10ಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕಗಳಾಗಿರಲಿ. ಇಷ್ಟು ಸಣ್ಣ ಘಟಕಗಳು ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಅವರ ದನಿ ಕೇಳಿಸಬೇಕಾದರೆ ನೀವೇ ಹುಡುಕಿ ಹೋಗಬೇಕು.

ಪ್ರಶ್ನೆ

‘ವ್ಯಾಪಾರ ಹೇಗಿದೆ?’ ಎಂದು ಕೇಳಿದರೆ ಕನ್ಯಾಕುಮಾರಿಯಿಂದ ಲುಧಿಯಾನದ ತನಕ ಒಂದೇ ಉತ್ತರ: ಡಲ್ ಸಾರ್. ತೆರಿಗೆಯವರ ಭಯ ಸ್ವಲ್ಪ, ದೃಷ್ಟಿಯಾದೀತೆಂಬ ಭಯ ಸ್ವಲ್ಪ, ಉಳಿದದ್ದು ಅಭ್ಯಾಸ. ಹಾಗಾಗಿ ಅಭಿಪ್ರಾಯ ಕೇಳುವ ಮೊದಲು ಎಣಿಸಬಹುದಾದದ್ದನ್ನು ಕೇಳಿ. ಫೌಂಡ್ರಿಯವರಿಗೆ ‘ಫರ್ನೇಸ್‌ನಲ್ಲಿ ದಿನಕ್ಕೆ ಎಷ್ಟು ಹೀಟ್ ತೆಗೀತಿದ್ದೀರಿ, ಮೂರು ತಿಂಗಳ ಹಿಂದೆ ಎಷ್ಟಿತ್ತು?’ ಎಂದು ಕೇಳಿ (ಒಂದು ಸಲ ಲೋಹ ಕರಗಿಸಿ ತೆಗೆದರೆ ಒಂದು ಹೀಟ್). ಪವರ್‌ಲೂಮ್‌ನವರಿಗೆ ಎಷ್ಟು ಮಗ್ಗ ನಿಂತಿವೆ, ರೈಸ್ ಮಿಲ್‌ಗೆ ದಿನಕ್ಕೆ ಎಷ್ಟು ಗಂಟೆ ಓಡುತ್ತಿದೆ, ಗಾರ್ಮೆಂಟ್ಸ್‌ಗೆ ಓಟಿ ಎಷ್ಟು ದಿನ ಕೊಟ್ಟಿರಿ ಎಂಬ ಪ್ರಶ್ನೆ. ಇದಕ್ಕೆ ಸುಳ್ಳು ಹೇಳಲು ಯಾರಿಗೂ ಅಷ್ಟಾಗಿ ಮನಸ್ಸಾಗುವುದಿಲ್ಲ, ಸುಳ್ಳು ಹೇಳಿದರೆ ಮುಂದಿನ ಸಲ ಸಿಕ್ಕಿಬೀಳುತ್ತದೆ.

ಎಲ್ಲರಿಗೂ ಸಾಮಾನ್ಯವಾಗಿ ಎಂಟು ಪ್ರಶ್ನೆಗಿಂತ ಹೆಚ್ಚು ಬೇಡ. ಮಾರಾಟದ ಪ್ರಮಾಣ, ಕೈಯಲ್ಲಿರುವ ಆರ್ಡರ್ ಎಷ್ಟು ದಿನದ ಕೆಲಸ, ಸ್ಟಾಕ್ ಬೇಕಾದ್ದಕ್ಕಿಂತ ಹೆಚ್ಚೋ ಕಡಿಮೆಯೋ, ಕೆಲಸಗಾರರ ಸಂಖ್ಯೆ, ಕೊಳ್ಳುವ ಬೆಲೆ, ಮಾರುವ ಬೆಲೆ, ಬಾಕಿ ವಸೂಲಿ, ಮುಂದಿನ ಮೂರು ತಿಂಗಳ ನಿರೀಕ್ಷೆ. ಮಾರಾಟ ಮತ್ತು ಬೆಲೆಯನ್ನು ಒಟ್ಟು ಮಾಡಿ ಕೇಳಿದರೆ ಸಮೀಕ್ಷೆ ಕೆಟ್ಟಂತೆಯೇ. ಚಿನ್ನದ ಅಂಗಡಿಯವರಿಗೆ ರೂಪಾಯಿಯಲ್ಲಿ ವಹಿವಾಟು ಏರಿರುತ್ತದೆ, ಗ್ರಾಂ ಲೆಕ್ಕದಲ್ಲಿ ಇಳಿದಿರುತ್ತದೆ. ಕೇಳಬೇಕಾದ್ದು ಗ್ರಾಂ. ವಸೂಲಿಯ ಪ್ರಶ್ನೆಗೆ 45 ದಿನದ ಗೆರೆ ಇಟ್ಟುಕೊಳ್ಳಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಅಷ್ಟರೊಳಗೆ ಹಣ ಕೊಡಬೇಕೆಂದು ಕಾನೂನೇ ಇರುವುದರಿಂದ ಆ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ‘45 ದಿನ ದಾಟಿದ ಬಿಲ್‌ಗಳು ಹೆಚ್ಚಾಗಿವೆಯೇ?’ ಎಂದರೆ ತಟ್ಟನೆ ಉತ್ತರ ಬರುತ್ತದೆ. ಮಾರಾಟ ಕುಸಿಯುವುದಕ್ಕಿಂತ ಮೊದಲೇ ಉದ್ರಿ ಬಾಕಿ ಬೆಳೆಯುವುದುಂಟು, ಎಂಟರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಉಳಿಸಿಕೊಳ್ಳುವುದು ಇದನ್ನೇ.

ಕೊನೆಗೆ ಬಿಡಿಸಿ ಹೇಳಬೇಕಾದ ಒಂದು ಪ್ರಶ್ನೆ: ‘ಈ ಬದಲಾವಣೆಗೆ ಕಾರಣ ಏನು?’ ಇದನ್ನು ಫೋನಿನಲ್ಲೇ ಕೇಳಿ. ಫಾರ್ಮ್ ಕಳಿಸಿದರೆ ಖಾಲಿ ಬಿಡುತ್ತಾರೆ.

ಯಾವುದಕ್ಕೆ ಹೋಲಿಸಿ?

ಇಡೀ ಕೆಲಸದಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲಿ. ಕಳೆದ ತಿಂಗಳಿಗೆ ಹೋಲಿಸಿದರೆ ಹಬ್ಬ, ಸುಗ್ಗಿ, ಮಳೆ ಅಡ್ಡ ಬರುತ್ತವೆ. ಕಳೆದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ ಪಂಚಾಂಗ ಅಡ್ಡ ಬರುತ್ತದೆ. 2023ರಲ್ಲಿ ನರಕ ಚತುರ್ದಶಿ ನವೆಂಬರ್ 12ಕ್ಕೆ, 2024ರಲ್ಲಿ ಅಕ್ಟೋಬರ್ 31ಕ್ಕೆ. ಹಾಗಾಗಿ 2024ರ ಅಕ್ಟೋಬರ್ ಹಿಂದಿನ ವರ್ಷಕ್ಕಿಂತ ಜೋರಾಗಿ, ನವೆಂಬರ್ ಮಂಕಾಗಿ ಕಾಣಲೇಬೇಕು, ಅದರಲ್ಲಿ ಆರ್ಥಿಕತೆಯ ಪಾತ್ರವೇನೂ ಇಲ್ಲ. ಇದಕ್ಕೆ ಸುಲಭದ ಮದ್ದು, ಎರಡು ತಿಂಗಳನ್ನು ಕೂಡಿಸಿ ಹೋಲಿಸುವುದು.

ಅಧಿಕ ಮಾಸಕ್ಕೆ ಆ ಮದ್ದೂ ಸಾಲದು. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಜೂನ್ ಮೂರನೇ ವಾರದಿಂದ ಆಗಸ್ಟ್ ನಡುವಿನ ತನಕ ಕರ್ನಾಟಕದಲ್ಲಿ ಮದುವೆ, ಗೃಹಪ್ರವೇಶಗಳು ಹೆಚ್ಚಾಗಿ ನಡೆಯದ ಕಾಲ. ಕಲ್ಯಾಣ ಮಂಟಪ, ಶಾಮಿಯಾನ, ಒಡವೆ, ರೇಷ್ಮೆ ಸೀರೆ, ಹೂವು ಎಲ್ಲದರ ಮೇಲೂ ಅದರ ನೆರಳು. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರ ತನಕ, ಅಂದರೆ ಮದುವೆ ಸೀಸನ್ನಿಗೇ ಕತ್ತರಿ. ತಮಿಳುನಾಡಿನಲ್ಲಿ ಹೀಗಾಗುವುದಿಲ್ಲ. ಅಲ್ಲಿನ ಆಡಿ ತಿಂಗಳು ಸೌರಮಾನದ್ದು, ಪ್ರತಿ ವರ್ಷ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಅಲುಗಾಡದೆ ಇರುತ್ತದೆ. ಕೇರಳದ ಕರ್ಕಾಟಕವೂ ಹಾಗೆಯೇ. ಋತುಮಾನದ ಏರಿಳಿತ ತೆಗೆಯುವ ತಂತ್ರಾಂಶ ತಮಿಳುನಾಡಿನ ಆಡಿಯನ್ನು ಹಿಡಿದು ಸರಿಪಡಿಸುತ್ತದೆ, ನಮ್ಮ ಓಡಾಡುವ ಆಷಾಢವನ್ನು ತಾನಾಗಿ ಹಿಡಿಯುವುದಿಲ್ಲ. ತಂತ್ರಾಂಶಕ್ಕೆ ಪಂಚಾಂಗದ ದಿನಗಳನ್ನು ಬೇರೆಯಾಗಿ ಕೊಡಬೇಕು, ಜೊತೆಗೆ ಐದು ವರ್ಷದ ಅಂಕಿಯಾದರೂ ಕೈಯಲ್ಲಿರಬೇಕು.

ಅಲ್ಲಿಯ ತನಕ ಪ್ರಶ್ನೆಯಲ್ಲೇ ಪರಿಹಾರ ಹುಡುಕಿ: ‘ಈ ಸೀಸನ್ನಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚೇ, ಅಷ್ಟೇ, ಕಡಿಮೆಯೇ?’ ಇಪ್ಪತ್ತು ವರ್ಷ ಅಂಗಡಿಯಲ್ಲಿ ಕೂತವರು ಆಷಾಢವನ್ನು ತಲೆಯಲ್ಲೇ ಕಳೆದು ಉತ್ತರ ಕೊಡುತ್ತಾರೆ. ಒಮ್ಮೆ ಆಯ್ದುಕೊಂಡ ಈ ವಾಕ್ಯವನ್ನು ಆಮೇಲೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದು ಹೊಸದು ಎರಡನ್ನೂ ಎರಡು ಸುತ್ತು ಒಟ್ಟಿಗೆ ಕೇಳಿ ವ್ಯತ್ಯಾಸ ಅಳೆಯಿರಿ.

ಕೇಳುವ ದಿನ ಕೂಡ ಗಟ್ಟಿಯಾಗಿರಲಿ. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವವರ 3ಬಿ ರಿಟರ್ನ್‌ಗೆ 20 ಕೊನೆಯ ದಿನ, ಅಲ್ಲಿಯ ತನಕ ಆಡಿಟರ್ ಫೋನ್ ಎತ್ತುವುದಿಲ್ಲ. 28ರ ನಂತರ ಕಾರ್ಖಾನೆಯವರು ಡಿಸ್ಪ್ಯಾಚ್ ಗಡಿಬಿಡಿಯಲ್ಲಿರುತ್ತಾರೆ. 21ರಿಂದ 27, ಆ ಏಳು ದಿನವೇ ಸರಿ. ಮೂರು ತಿಂಗಳಿಗೊಮ್ಮೆ ಪೂರ್ತಿ ಸುತ್ತು, ನಡುವಿನ ತಿಂಗಳುಗಳಲ್ಲಿ ಪ್ರದೇಶಕ್ಕೆ ಐದಾರು ಫೋನ್ ಸಾಕು.

ಲೆಕ್ಕ

ಒಂದು ಪ್ರದೇಶದಲ್ಲಿ 40 ಮಂದಿ ಉತ್ತರಿಸಿದರು ಅನ್ನೋಣ. 14 ಮಂದಿ ಹೆಚ್ಚಿದೆ ಅಂದರು, 18 ಮಂದಿ ಹಾಗೇ ಇದೆ ಅಂದರು, 8 ಮಂದಿ ಇಳಿದಿದೆ ಅಂದರು. ಹೆಚ್ಚಿದೆ ಅಂದವರು ಶೇ 35, ಇಳಿದಿದೆ ಅಂದವರು ಶೇ 20. ಕಳೆದರೆ ಬರುವ +15ಕ್ಕೆ ನಿವ್ವಳ ಉತ್ತರ ಎನ್ನಬಹುದು. ಇದನ್ನೇ 50 ಮಧ್ಯಬಿಂದುವಾದ ಸೂಚ್ಯಂಕವಾಗಿ ಹೇಳಬೇಕೆಂದರೆ ಅರ್ಧ ಮಾಡಿ 50ಕ್ಕೆ ಸೇರಿಸಿ: 57.5. ಖರೀದಿ ಮ್ಯಾನೇಜರುಗಳ ಸೂಚ್ಯಂಕದಲ್ಲೂ (ಪಿಎಂಐ) 50ರ ಆಚೆ ಈಚೆ ನೋಡುವುದು ಹೀಗೆಯೇ. ರಿಸರ್ವ್ ಬ್ಯಾಂಕಿನ ಸೂಚ್ಯಂಕಗಳಲ್ಲಿ ಆ ಗೆರೆ 100.

ಈಗ +15 ಎಂದು ಸುದ್ದಿ ಮಾಡುವ ಮೊದಲು ಒಂದು ಪರೀಕ್ಷೆ. ಎರಡೂ ಪಾಲನ್ನು ಕೂಡಿಸಿ (0.35 + 0.20 = 0.55), ನಿವ್ವಳ ಉತ್ತರದ ವರ್ಗವನ್ನು ಕಳೆದು (0.0225), ಉತ್ತರಿಸಿದವರ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಸುಮಾರು 0.115, ಅಂದರೆ 11.5 ಅಂಕ ಬರುತ್ತದೆ. ಅದರ ಎರಡರಷ್ಟು ಅಂದರೆ 23 ಅಂಕ ಆಚೀಚೆ ಆಗಬಹುದು. ನಿಮ್ಮ +15 ಸೊನ್ನೆಯೂ ಆಗಿರಬಹುದು ಎಂದಾಯಿತು. ಇದೇ ಪ್ರಮಾಣದಲ್ಲಿ 200 ಮಂದಿ ಉತ್ತರಿಸಿದ್ದರೆ ಅಂತರ 10 ಅಂಕಕ್ಕೆ ಇಳಿಯುತ್ತದೆ, ಆಗ ಧೈರ್ಯವಾಗಿ ಏರಿಕೆ ಅನ್ನಬಹುದು. ಹಾಗಾಗಿ ಒಂದು ಪ್ರದೇಶದ ಒಂದು ಸುತ್ತಿನ ಅಂಕಿಯನ್ನು ತಲೆಬರಹಕ್ಕೆ ಏರಿಸಬೇಡಿ. ಅದೇ ಮಂದಿಯನ್ನು ಪ್ರತಿ ಸಲ ಕೇಳಿದರೆ ಸುತ್ತಿನಿಂದ ಸುತ್ತಿಗೆ ಆಗುವ ಬದಲಾವಣೆ ಇದಕ್ಕಿಂತ ನಂಬಿಕೆಗೆ ಅರ್ಹ.

ಪ್ರದೇಶದೊಳಗೆ ವಲಯಗಳಿಗೆ ಉದ್ಯೋಗದ ಪಾಲಿನಂತೆ ತೂಕ ಕೊಡಿ. ರಾಜ್ಯಕ್ಕೆ ಒಟ್ಟು ಸಂಖ್ಯೆ ಮಾಡುವಾಗ ಮಾತ್ರ ಎಚ್ಚರ: ಕರ್ನಾಟಕದ ಆದಾಯದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದೇ. ಆದಾಯದ ತೂಕ ಹಾಕಿದರೆ ‘ಕರ್ನಾಟಕದ ಸ್ಥಿತಿ’ ಎಂಬುದು ಬೆಂಗಳೂರಿನ ಸ್ಥಿತಿಯೇ ಆಗಿ, ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳು ಏನಾದವೆಂದು ಗೊತ್ತೇ ಆಗುವುದಿಲ್ಲ. ಒಟ್ಟು ಸಂಖ್ಯೆಯ ಪಕ್ಕದಲ್ಲೇ, ಎಷ್ಟು ಪ್ರದೇಶಗಳು ಏರಿವೆ, ಎಷ್ಟು ಇಳಿದಿವೆ ಎಂಬ ಬರಿಯ ಎಣಿಕೆಯನ್ನೂ ಕೊಡಿ.

ಉತ್ತರ ಕೊಡದವರ ವಿಷಯ. ಫೋನ್ ಎತ್ತದವರಲ್ಲಿ ಯಾರು ಬಿಡುವಿಲ್ಲದೆ ಬಿಟ್ಟರು, ಯಾರು ಬಾಗಿಲು ಹಾಕಿಕೊಂಡರು ಎಂಬುದನ್ನು ಪಕ್ಕದ ಅಂಗಡಿಗೆ ಫೋನ್ ಮಾಡಿಯಾದರೂ ತಿಳಿಯಬೇಕು. ಮುಚ್ಚಿದ ಘಟಕವನ್ನು ಪಟ್ಟಿಯಿಂದ ಸುಮ್ಮನೆ ತೆಗೆದರೆ ಉಳಿದವರೆಲ್ಲ ಗಟ್ಟಿಗರೇ, ಸಮೀಕ್ಷೆ ವರ್ಷ ವರ್ಷಕ್ಕೆ ಖುಷಿಯಾಗುತ್ತಾ ಹೋಗುತ್ತದೆ. ಮುಚ್ಚಿದ ಸುತ್ತಿನಲ್ಲಿ ಅದನ್ನು ‘ಇಳಿದಿದೆ’ ಎಂದೇ ದಾಖಲಿಸಿ, ಆಮೇಲೆ ಅದೇ ಕಸುಬಿನ, ಅಷ್ಟೇ ಗಾತ್ರದ ಇನ್ನೊಬ್ಬರನ್ನು ಸೇರಿಸಿ.

ತಾಳೆ ನೋಡುವುದು

ಜಿಎಸ್‌ಟಿ ವಸೂಲಿ ರಾಜ್ಯವಾರು ಸಿಗುತ್ತದೆ, ಆದರೆ ತೆರಿಗೆ ದರ ಬದಲಾದರೂ ಅದು ಏರಿಳಿಯುತ್ತದೆ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಸಾಮಾನ್ಯವಾಗಿ ₹50,000 ಮೀರಿದ ಸರಕಿಗೆ, ಸಣ್ಣ ಲೋಡ್ ಅದರಲ್ಲಿ ಕಾಣುವುದಿಲ್ಲ. ವಾಹನ ನೋಂದಣಿ ಆರ್‌ಟಿಒವಾರು ಸಿಗುವುದರಿಂದ ಹಳ್ಳಿ ಕಡೆಯ ಬೇಡಿಕೆಗೆ ಟ್ರ್ಯಾಕ್ಟರ್, ಬೈಕ್ ಒಳ್ಳೆಯ ಸಾಕ್ಷಿ. ವಿದ್ಯುತ್ತಿನಲ್ಲಿ ಒಟ್ಟು ಬಳಕೆ ನೋಡಿದರೆ ಮೋಸ, ಮಳೆ ಬಿದ್ದ ತಕ್ಷಣ ಪಂಪ್‌ಸೆಟ್ ನಿಂತು ಬಳಕೆ ಇಳಿಯುತ್ತದೆ. ಎಸ್ಕಾಂಗಳ (ವಿದ್ಯುತ್ ಸರಬರಾಜು ಕಂಪನಿಗಳ) ಎಚ್‌ಟಿ, ಅಂದರೆ ಹೆಚ್ಚು ವೋಲ್ಟೇಜಿನ ಕೈಗಾರಿಕಾ ಬಳಕೆಯನ್ನಷ್ಟೇ ತೆಗೆದುಕೊಳ್ಳಿ, ಅದರಲ್ಲೂ ಸ್ವಂತ ಸೋಲಾರ್ ಹಾಕಿಕೊಂಡವರು ತಪ್ಪಿಹೋಗಿರುತ್ತಾರೆ. ಜಿಲ್ಲಾವಾರು ಬ್ಯಾಂಕ್ ಠೇವಣಿ, ಸಾಲದ ಅಂಕಿಯನ್ನು ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಇವು ನಿಮ್ಮ ಸಮೀಕ್ಷೆಗೆ ವಿರುದ್ಧ ಹೇಳಿದರೆ ಸಮೀಕ್ಷೆಯನ್ನು ತಿದ್ದಬೇಡಿ, ಆ ಪ್ರದೇಶದ ಐದು ಮಂದಿಗೆ ಮತ್ತೆ ಫೋನ್ ಮಾಡಿ ಕಾರಣ ಕೇಳಿ.

ಬರೆಯುವಾಗ

ಪದಗಳಿಗೆ ಮೊದಲೇ ಅಳತೆ ಗೊತ್ತುಮಾಡಿ: ನಿವ್ವಳ ಉತ್ತರ 10ರೊಳಗಿದ್ದರೆ ‘ಬದಲಾವಣೆ ಇಲ್ಲ’, 10ರಿಂದ 25 ‘ತುಸು’, 25ರಿಂದ 40 ‘ಸಾಧಾರಣ’, ಅದರ ಮೇಲೆ ‘ಜೋರು’. ಬೇಜ್ ಬುಕ್ ಬರೆಯುವವರೂ ಇಂಥ ಕೆಲವೇ ಪದಗಳನ್ನು ಅಳೆದು ಬಳಸುತ್ತಾರೆ, ಓದುವವರು ಆ ಪದ ಬದಲಾಯಿತೇ ಎಂದೇ ನೋಡುತ್ತಾರೆ. ಕಾರಣ ಬರೆಯಲು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಅದನ್ನೇ ಹೇಳಿರಬೇಕು. ಒಬ್ಬರೇ ಹೇಳಿದ್ದು ಎಷ್ಟೇ ರುಚಿಯಾಗಿದ್ದರೂ ಕಡತದಲ್ಲೇ ಇರಲಿ.

ಹೆಸರು ಎಲ್ಲೂ ಬರಬಾರದು. ಹೆಸರು ತೆಗೆದರಷ್ಟೇ ಸಾಲದು. ಜಿಲ್ಲೆಗೆ ಒಂದೇ ಸಿಮೆಂಟ್ ಕಾರ್ಖಾನೆ ಇದ್ದು ‘ಈ ಜಿಲ್ಲೆಯ ಸಿಮೆಂಟ್ ಉತ್ಪಾದನೆ ಇಳಿದಿದೆ’ ಎಂದು ಬರೆದರೆ ಹೆಸರು ಬರೆದಂತೆಯೇ. ಒಂದು ಗುಂಪಿನಲ್ಲಿ ಐವರಿಗಿಂತ ಕಡಿಮೆ ಇದ್ದರೆ, ಅಥವಾ ಒಬ್ಬರದೇ ಅರ್ಧಕ್ಕಿಂತ ಹೆಚ್ಚು ವಹಿವಾಟಿದ್ದರೆ ಪಕ್ಕದ ಗುಂಪಿಗೆ ಸೇರಿಸಿಬಿಡಿ.

ಮುಂದಿನ ತಿಂಗಳ 10ರೊಳಗೆ ವರದಿ ಹೊರಬರಲಿ. ಅದಕ್ಕೂ ಎರಡು ದಿನ ಮೊದಲು, ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ ಅವರ ಪ್ರದೇಶದ ಒಂದು ಪುಟ ಅವರ ಭಾಷೆಯಲ್ಲೇ ವಾಟ್ಸ್ಆ್ಯಪ್‌ನಲ್ಲಿ ಹೋಗಲಿ. ಲುಧಿಯಾನಕ್ಕೆ ಪಂಜಾಬಿ, ಇಚಲಕರಂಜಿಗೆ ಮರಾಠಿ, ದಾವಣಗೆರೆಗೆ ಕನ್ನಡ. ಪಕ್ಕದ ಊರಿನ ಬಾಕಿ ವಸೂಲಿ ಹೇಗಿದೆ ಎಂಬ ಒಂದು ಸಾಲು ಅದರಲ್ಲಿದ್ದರೆ, ಮುಂದಿನ ಸುತ್ತಿಗೆ ಫೋನ್ ಮಾಡಿದಾಗ ಮೊದಲ ರಿಂಗಿಗೇ ಎತ್ತುತ್ತಾರೆ.