ಊರಲ್ಲಿರುವ ಅಪ್ಪ ಅಮ್ಮ: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಮೊದಲ ವರ್ಷ ಮನೆ, ಕಾರು, ಲೈಸೆನ್ಸ್ ಅಂತ ಓಡಾಟದಲ್ಲೇ ಕಳೆಯುತ್ತದೆ. ಅಪ್ಪ ಅಮ್ಮ ಗಟ್ಟಿಯಾಗಿದ್ದಾರಲ್ಲ, ಆಮೇಲೆ ನೋಡಿಕೊಂಡರಾಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಗಟ್ಟಿಯಾಗಿರುವಾಗಲೇ ಮಾಡಬೇಕಾದ ಕೆಲಸಗಳು ಇವು ಅಂತ ತಿಳಿಯೋಕೆ ಸ್ವಲ್ಪ ತಡವಾಯಿತು.

ಅಮ್ಮ ಮೈಸೂರಿನ ಮನೆಯ ಬಚ್ಚಲಲ್ಲಿ ಜಾರಿಬಿದ್ದದ್ದು ನನಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು, ಅದೂ ಎದುರುಮನೆ ಆಂಟಿಯಿಂದ. "ನಿಂಗ್ಯಾಕೆ ಸುಮ್ನೆ ಟೆನ್ಷನ್ ಅಂತ ಹೇಳಲಿಲ್ಲ ಕಣೋ" ಅಂದರು ಅಪ್ಪ. ನಾನು ಕ್ಯಾಮೆರಾ ಹಾಕಿಸಿದೆ. ಅಪ್ಪ ಅದರ ಮೇಲೆ ಟವೆಲ್ ಒಣಗಹಾಕಿದರು! ಹಾಗಾಗಿ ಮೊದಲು ಅಕ್ಕಪಕ್ಕದ ಒಬ್ಬರನ್ನು ಹಿಡಿಯಿರಿ. ಒಂದು ಬೀಗದ ಕೈ ಅವರ ಹತ್ತಿರ ಇರಲಿ. ಮಾತ್ರೆಗಳ ಪಟ್ಟಿ, ಡಾಕ್ಟರ ನಂಬರು, ಆಂಬುಲೆನ್ಸಿನ 108 ಎಲ್ಲ ದೊಡ್ಡ ಅಕ್ಷರದಲ್ಲಿ ಫ್ರಿಜ್ಜಿನ ಮೇಲಿರಲಿ.

ಇನ್ನು ಕಾಗದಪತ್ರ. ನೀವು ಊರಲ್ಲಿ ಯಾರಿಗಾದರೂ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ) ಕೊಡುವುದಿದ್ದರೆ ಇಲ್ಲಿ ನೋಟರಿ ಮುಂದೆ ಸಹಿ ಮಾಡಿ, ಅಪಾಸ್ಟಿಲ್ (ಕಾಗದ ಬೇರೆ ದೇಶದಲ್ಲೂ ನಡೆಯಲಿ ಅಂತ ಇಲ್ಲಿನ ಸರ್ಕಾರ ಹಾಕಿಕೊಡುವ ದೃಢೀಕರಣ) ಮಾಡಿಸಿ ಕಳಿಸಿ. ಅದು ಊರು ತಲುಪಿದ 3 ತಿಂಗಳೊಳಗೆ ಅಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಆದರೆ ಅಪ್ಪ ನಿಮಗೆ ಬರೆದುಕೊಟ್ಟ ಜಿಪಿಎ ಇದೆ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಮರೆವಿನ ಕಾಯಿಲೆ ಬಂದು ಅವರಿಗೆ ವ್ಯವಹಾರ ತಿಳಿಯದ ಹಾಗಾದರೆ ಭಾರತದ ಕಾನೂನಿನಲ್ಲಿ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಆ ಹೊತ್ತಿಗೇ ನಿಮಗೆ ಅದು ಬೇಕಾಗಿರುತ್ತದೆ, ಅಲ್ವಾ? ಅದಕ್ಕೇ ಬ್ಯಾಂಕ್ ಖಾತೆ 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆ) ಮಾಡಿಸುವುದು, ನಾಮಿನಿ, ಉಯಿಲು, ಎಲ್ಲ ಈಗಲೇ ಮುಗಿಸಿ. ಉಯಿಲಿನ ಮಾತೆತ್ತಿದರೆ ಬೇಜಾರಾಗುತ್ತಾರೆ. ನಾನು ನನ್ನದನ್ನು ಮೊದಲು ಬರೆಸಿ ತೋರಿಸಿದೆ.

ಅಪ್ಪನಿಗೆ ಪೆನ್ಷನ್ ಇದ್ದರೆ ಪೆನ್ಷನ್ ನಿಲ್ಲದಿರಲು ನವೆಂಬರಿನಲ್ಲಿ ಕೊಡಬೇಕಾದ ಲೈಫ್ ಸರ್ಟಿಫಿಕೇಟ್ (ಬದುಕಿದ್ದಾರೆ ಅನ್ನುವ ಪ್ರಮಾಣಪತ್ರ) ನೆನಪಿರಲಿ. ಈಗ ಸರ್ಕಾರದ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಫೋನಿನಲ್ಲೇ ಮಾಡಬಹುದು.

ಇಲ್ಲಿಗೆ ಕರೆಸುವುದಾದರೆ ಮೇ ತಿಂಗಳಲ್ಲಿ ಕರೆಸಿ, ಚಳಿಗೆ ಮುಂಚೆ ಕಳಿಸಿ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಅವರಿಗೆ ಮೆಡಿಕೇರ್ (ಇಲ್ಲಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಸಿಗುವುದಿಲ್ಲ. 65 ದಾಟಿದವರು ಗ್ರೀನ್ ಕಾರ್ಡ್ ಪಡೆದು, 5 ವರ್ಷ ಸತತ ಇಲ್ಲೇ ಇದ್ದ ಮೇಲೆ ದುಡ್ಡು ಕಟ್ಟಿ ಸೇರಬಹುದು. ವಿಸಿಟರ್ ಇನ್ಶೂರೆನ್ಸ್ ಕೊಳ್ಳುವಾಗ ಹಳೆಯ ಬಿಪಿ, ಶುಗರ್ ಬಗ್ಗೆ ಏನು ಬರೆದಿದ್ದಾರೆ ಅಂತ ಪೂರ್ತಿ ಓದಿ. ಮಾತ್ರೆ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಂಡು ಬರಲಿ. ಡೋಲೋ ಅಂದರೆ ಇಲ್ಲಿನ ಡಾಕ್ಟರಿಗೆ ಏನು ಗೊತ್ತು?

ಕೊನೆಗೆ, ಊರಲ್ಲೇ ಉಳಿದ ಒಡಹುಟ್ಟಿದವರ ವಿಷಯ. ನನ್ನ ತಂಗಿ ಬೆಂಗಳೂರಿನಿಂದ ಪ್ರತಿ ಶನಿವಾರ ರೈಲು ಹತ್ತಿ ಮೈಸೂರಿಗೆ ಹೋಗುತ್ತಾಳೆ. ನಾನು ಇಲ್ಲಿಂದ ಗೂಗಲ್ ನೋಡಿ "ಆ ಡಾಕ್ಟರ್ ಬೇಡ, ಈ ಸ್ಕ್ಯಾನ್ ಮಾಡಿಸು" ಅನ್ನುತ್ತಿದ್ದೆ. ಒಂದು ದಿನ ಅವಳು ಫೋನ್ ಇಟ್ಟುಬಿಟ್ಟಳು. ಹೋದ ಸಲ ರಜೆಗೆ ಹೋದಾಗ ಅವಳಿಗೆ ಎರಡು ವಾರ ಮೈಸೂರಿನ ಕಡೆ ತಲೆ ಹಾಕಬೇಡ ಅಂದೆ. ಮೂರನೇ ದಿನವೇ ಅಮ್ಮನ ರಾತ್ರಿ ಮಾತ್ರೆಯನ್ನು ಬೆಳಗಿನ ಖಾನೆಗೆ ಹಾಕಿದ್ದೆ. ಹಿಡಿದಿದ್ದು ಅಮ್ಮನೇ. "ಅವಳು ಬಣ್ಣದ ಗುರುತು ಹಾಕಿದ್ದಾಳೆ, ನೋಡ್ಕೋ" ಅಂದರು.