ಪ್ರವೇಶದ ವಾರ ಮತ್ತು ಕ್ಲೌಡ್ ಬಿಲ್ಲು: ದಾವಣಗೆರೆಯ ಹೋಸ್ಟಿಂಗ್ ಲೆಕ್ಕ

ದಾವಣಗೆರೆಯಲ್ಲಿ ಕೂತು ಹೋಸ್ಟಿಂಗ್ (ವೆಬ್‌ಸೈಟುಗಳಿಗೆ ಸರ್ವರಿನಲ್ಲಿ ಜಾಗ) ಮಾರುವವರ ಗಿರಾಕಿಗಳು ಹೆಚ್ಚುಕಡಿಮೆ ಇಷ್ಟೇ: ಪಿಯು ಕಾಲೇಜು, ಕೋಚಿಂಗ್ ಸೆಂಟರ್, ಜವಳಿ ಅಂಗಡಿ, ಎಪಿಎಂಸಿಯ ದಲಾಲಿ ಮಂಡಿ. ವರ್ಷದ ಬಹುಪಾಲು ಈ ಸೈಟುಗಳಿಗೆ ಕೆಲಸವೇ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕಾಲೇಜುಗಳ ಪ್ರವೇಶದ ಫಾರಂ ಮೇಲೆ ಎಲ್ಲರೂ ಒಟ್ಟಿಗೇ ಮುಗಿಬೀಳುತ್ತಾರೆ. ಅದೊಂದು ವಾರಕ್ಕಾಗಿ ವರ್ಷವಿಡೀ ದೊಡ್ಡ ಸರ್ವರ್ ಇಟ್ಟರೆ ಲಾಭ ಅದರಲ್ಲೇ ಕರಗುತ್ತದೆ. ಹಾಗಾಗಿ ನಾವು ದಿನನಿತ್ಯದ ಹೊರೆಗೆ ವರ್ಷದ ಕರಾರಿನ ಸರ್ವರನ್ನೂ ನೂಕುನುಗ್ಗಲಿಗೆ ಗಂಟೆ ಲೆಕ್ಕದ್ದನ್ನೂ ಬಳಸುತ್ತೇವೆ. ಎರಡೂ ಅಮೆಜಾನ್ ಬಾಡಿಗೆಗೆ ಕೊಡುವ ಕ್ಲೌಡ್ ಸರ್ವರುಗಳು, ಅದರ ಮುಂಬೈ ವಲಯದಲ್ಲಿವೆ.

ದಿನನಿತ್ಯದ ಯಂತ್ರ ಟಿ3 ಮೀಡಿಯಂ ಎಂಬ ಮಾದರಿ: 2 ವಿಸಿಪಿಯು (ವರ್ಚುವಲ್ ಸಿಪಿಯು), 4 ಜಿಬಿ ಮೆಮೊರಿ. ಓಎಸ್ ಮತ್ತು ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ಗೆ 700 ಎಂಬಿ, ಡೇಟಾಬೇಸ್ ಆದ ಮಾರಿಯಾಡಿಬಿಗೆ 1 ಜಿಬಿ ತೆಗೆದಿಟ್ಟರೆ ಪುಟಗಳನ್ನು ತಯಾರಿಸುವ ಪಿಎಚ್‌ಪಿಗೆ ಉಳಿಯುವುದು ಸುಮಾರು 2.3 ಜಿಬಿ. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು) ತುಂಬಿದ, ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಒಂದು ಪ್ರಾಸೆಸ್ (ಒಂದು ಬಾರಿಗೆ ಒಂದು ಕೋರಿಕೆ ನಿಭಾಯಿಸುವ ಘಟಕ) 70 ಎಂಬಿ ತಿಂದರೆ, ಏಕಕಾಲಕ್ಕೆ 30 ಓಡಿಸಬಹುದು. ಈ ಪ್ರಾಸೆಸ್‌ಗಳನ್ನು ನಡೆಸುವ ಎಫ್‌ಪಿಎಂನಲ್ಲಿ ಪ್ರತಿ ಗಿರಾಕಿಗೂ ಬೇರೆ ಪೂಲ್ (ಪ್ರಾಸೆಸ್‌ಗಳ ಗುಂಪು), ಬೇಕಾದಾಗ ಮಾತ್ರ ಪ್ರಾಸೆಸ್ ಏಳುವ 'ಆನ್‌ಡಿಮ್ಯಾಂಡ್' ಮೋಡ್, ಒಂದು ಪೂಲಿನ ಮಿತಿಯಾದ 'ಮ್ಯಾಕ್ಸ್ ಚಿಲ್ಡ್ರನ್' 5. ಒಟ್ಟಾರೆ ಮಿತಿಯಾದ 'ಪ್ರಾಸೆಸ್ ಮ್ಯಾಕ್ಸ್' 30. ಹೀಗೆ ಒಂದು ಯಂತ್ರದಲ್ಲಿ 40 ಸೈಟು ಕೂರುತ್ತವೆ. ಗುಣಿಸಿದರೆ 200 ಪ್ರಾಸೆಸ್ ಆಯಿತು, ನಿಜ. ಎಲ್ಲರ ಬಾಗಿಲಿಗೂ ಒಂದೇ ಹೊತ್ತಿಗೆ ಜನ ಬರುವುದಿಲ್ಲ ಎಂಬ ನಂಬಿಕೆಯ ಮೇಲೇ ಈ ಧಂದೆ ನಿಂತಿದೆ. ಆದ್ದರಿಂದಲೇ ಎಲ್ಲ ಕಾಲೇಜುಗಳನ್ನೂ ಒಂದೇ ಯಂತ್ರಕ್ಕೆ ತುಂಬಬಾರದು. ನಾಲ್ಕು ಕಾಲೇಜಿನ ಜೊತೆ ಯುಗಾದಿ, ದೀಪಾವಳಿಗೆ ಮಾತ್ರ ಎಚ್ಚರಗೊಳ್ಳುವ ಜವಳಿ ಅಂಗಡಿಗಳನ್ನು ಬೆರೆಸುತ್ತೇವೆ.

ಟಿ3ಯಲ್ಲಿ ಒಂದು ಅಪಾಯ ಇದೆ. ಮೀಡಿಯಂನ ಪ್ರತಿ ವಿಸಿಪಿಯುಗೆ ಸಿಗುವ ಖಾಯಂ ಪಾಲು 20%. ಅದಕ್ಕಿಂತ ಕಡಿಮೆ ಓಡಿದಾಗ ಕ್ರೆಡಿಟ್ ಕೂಡುತ್ತದೆ, ಮೇಲೆ ಓಡಿದರೆ ಕೂಡಿಟ್ಟದ್ದು ಕರಗುತ್ತದೆ. ಮೊದಲಿಂದಲೇ 'ಅನ್‌ಲಿಮಿಟೆಡ್' ಆನ್ ಆಗಿರುವುದರಿಂದ ಕ್ರೆಡಿಟ್ ಮುಗಿದ ಮೇಲೂ ಸೈಟು ನಿಲ್ಲದು. ಬದಲಿಗೆ ವಿಸಿಪಿಯು-ಗಂಟೆಗೆ 5 ಸೆಂಟಿನಂತೆ ಬಿಲ್ಲು ಏರುತ್ತದೆ. ಯಾವುದೋ ಹಳೇ ಪ್ಲಗಿನ್ ಮೂಲಕ ಹ್ಯಾಕ್ ಆಗಿ ತಿಂಗಳಿಡೀ ಎರಡೂ ವಿಸಿಪಿಯು ಪೂರ್ತಿ ಓಡಿದರೆ ಈ ಹೆಚ್ಚುವರಿ ಬಿಲ್ಲೇ 57 ಡಾಲರ್ ದಾಟುತ್ತದೆ, ಅಂದರೆ ಸರ್ವರ್ ಬಾಡಿಗೆಗಿಂತ ಜಾಸ್ತಿ. ಹಂಚಿಕೆಯ ಯಂತ್ರಗಳನ್ನು 'ಸ್ಟ್ಯಾಂಡರ್ಡ್'ಗೆ ಬದಲಿಸಿಡಿ. ಆಗ ಸೈಟು ನಿಧಾನವಾಗುತ್ತದೆ, ಯಂತ್ರದ ಹೊರೆ ತೋರಿಸುವ 'ಟಾಪ್' ಕಮಾಂಡಿನಲ್ಲಿ ಸ್ಟೀಲ್ ಅಂಕಿ (ನಮಗೆ ಸಿಗದೆ ಹೋದ ಸಿಪಿಯು ಸಮಯ) ಮೇಲೇರುತ್ತದೆ, ಗಿರಾಕಿಯ ಫೋನ್ ಬರುತ್ತದೆ. ಬಿಲ್ಲಿಗಿಂತ ಫೋನ್ ವಾಸಿ.

ಡಿಸ್ಕ್ ಬೆಳೆಸಬಹುದು, ಕುಗ್ಗಿಸಲಾಗದು. ಅಮೆಜಾನ್‌ನ ಜಿಪಿ3 ಮಾದರಿಯಲ್ಲಿ ಎಷ್ಟು ಸಣ್ಣ ಡಿಸ್ಕಿಗೂ 3000 ಐಓಪಿಎಸ್ (ಸೆಕೆಂಡಿಗೆ ಅಷ್ಟು ಓದು-ಬರಹ) ಇರುವುದರಿಂದ 30 ಜಿಬಿಯಿಂದ ಶುರು ಮಾಡಿದರೆ ಸಾಕು.

ಪ್ರವೇಶದ ವಾರಕ್ಕೆ ಕಾಲೇಜು ಸೈಟುಗಳನ್ನು ಹಳೆಯ ಯಂತ್ರದಿಂದ ಬಿಡಿಸಿ, ಬಂದವರನ್ನು ಹಲವು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಇಡುತ್ತೇವೆ. ಎರಡು ದಿನ ಮೊದಲೇ ಡಿಎನ್‌ಎಸ್ ಟಿಟಿಎಲ್ (ಸೈಟಿನ ಹೆಸರು ಯಾವ ಯಂತ್ರದ್ದೆಂಬ ಮಾಹಿತಿ ಇಂಟರ್ನೆಟ್ಟಿನಲ್ಲಿ ನೆನಪಿರುವ ಅವಧಿ) 300 ಸೆಕೆಂಡಿಗೆ ಇಳಿಸಿರಬೇಕು. ಬೆಳಿಗ್ಗೆ 9ಕ್ಕೆ ಸರ್ವರ್ ಏರಿಸುವ ವೇಳಾಪಟ್ಟಿಯಲ್ಲಿ ಟೈಮ್‌ಜೋನ್ ನಮೂದಿಸದಿದ್ದರೆ ಅದು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಹಿಡಿದು ಮಧ್ಯಾಹ್ನ ಎರಡೂವರೆಗೆ ಏಳುತ್ತದೆ. ಸೆಷನ್ನುಗಳು (ಲಾಗಿನ್ ಆದವರ ಗುರುತು) ಎಲ್ಲ ಸರ್ವರುಗಳೂ ಹಂಚಿಕೊಳ್ಳುವ ರೆಡಿಸ್ ಎಂಬ ಸಂಗ್ರಹದಲ್ಲಿ, ಅಪ್‌ಲೋಡ್ ಆದ ಫೋಟೊ, ಅಂಕಪಟ್ಟಿ ಅಮೆಜಾನ್‌ನ ಫೈಲ್ ಸಂಗ್ರಹವಾದ ಎಸ್3ಯಲ್ಲಿ ಇರಲೇಬೇಕು. ಇಲ್ಲವಾದರೆ ಒಂದು ಪುಟ ತುಂಬಿದ ಹುಡುಗನಿಗೆ ಮುಂದಿನ ಪುಟದಲ್ಲಿ ಮತ್ತೆ ಲಾಗಿನ್ ಕೇಳುತ್ತದೆ. ರಾತ್ರಿ ಸರ್ವರ್ ಇಳಿದಾಗ ಅವನ ಅಂಕಪಟ್ಟಿಯೂ ಅದರೊಂದಿಗೇ ಹೋಗುತ್ತದೆ.

ವೆಬ್ ಸರ್ವರ್ ಎಷ್ಟು ಬೇಕಾದರೂ ಏರಿಸಬಹುದು ಎಂದುಕೊಂಡವರನ್ನು ತಡೆಯುವುದು ಡೇಟಾಬೇಸ್. ಮಾರಿಯಾಡಿಬಿಯ 'ಮ್ಯಾಕ್ಸ್ ಕನೆಕ್ಷನ್ಸ್' (ಏಕಕಾಲದ ಸಂಪರ್ಕಗಳ ಮಿತಿ) ಮೊದಲಿಗೆ 151 ಇರುತ್ತದೆ. ಒಂದೊಂದು ವೆಬ್ ಸರ್ವರಿನಲ್ಲಿ 30 ಪ್ರಾಸೆಸ್, ಪ್ರತಿಯೊಂದಕ್ಕೂ ಒಂದು ಸಂಪರ್ಕ ಎಂದರೆ ಐದು ಸರ್ವರಿಗೇ 150. ಆರನೆಯದು ಬಂದರೆ 'ಟೂ ಮೆನಿ ಕನೆಕ್ಷನ್ಸ್' ಎಂಬ ದೋಷ. ಬರೀ ಅಂಕಿ ಏರಿಸಿದರೆ ಮೆಮೊರಿ ಸಾಲದು. ಆ ವಾರ ಡೇಟಾಬೇಸನ್ನು ಬೇರೆ, ದೊಡ್ಡ ಯಂತ್ರಕ್ಕೆ ಸಾಗಿಸಿ. ಲಾಗಿನ್ ಬೇಡದ ಪುಟಗಳಿಗೆ ಎಂಜಿನ್‌ಎಕ್ಸ್‌ನಲ್ಲಿ 60 ಸೆಕೆಂಡಿನ ಕ್ಯಾಶ್ (ತಯಾರಾದ ಪುಟದ ಪ್ರತಿಯನ್ನೇ ಎಲ್ಲರಿಗೂ ಕೊಡುವುದು) ಹಾಕಿದರೆ ಅರ್ಧ ಸರ್ವರುಗಳೇ ಬೇಡವಾಗಬಹುದು. ಲಾಗಿನ್ ಕುಕಿ ಇದ್ದವರಿಗೆ ಮಾತ್ರ ಕ್ಯಾಶ್ ತಪ್ಪಿಸಲೇಬೇಕು, ಇಲ್ಲದಿದ್ದರೆ ಒಬ್ಬರ ಅರ್ಜಿ ಇನ್ನೊಬ್ಬರಿಗೆ ಕಾಣುತ್ತದೆ.

ವಾರ ಮುಗಿದ ಮೇಲೆ ಡಿಎನ್‌ಎಸ್ ಹಳೆಯ ಯಂತ್ರಕ್ಕೆ ತಿರುಗಿಸಿ, ಒಂದು ದಿನ ಬಿಟ್ಟು ಲೋಡ್ ಬ್ಯಾಲೆನ್ಸರನ್ನೂ ಅಳಿಸುತ್ತೇವೆ; ಸುಮ್ಮನಿದ್ದರೂ ಅದಕ್ಕೆ ಗಂಟೆ ಬಾಡಿಗೆ ಉಂಟು. ಅನಾಥವಾಗಿ ಉಳಿದ ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕಿನ ನಕಲು), ಐಪಿ ವಿಳಾಸಗಳನ್ನೂ ಹುಡುಕಿ ತೆಗೆಯಬೇಕು. 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟು, ತಿಂಗಳಿಗೆ ಸುಮಾರು 3.6 ಡಾಲರ್.

ಪ್ರವೇಶದ ವಾರದ ಚಾರ್ಜನ್ನು ಕೊಟೇಶನ್ನಿನಲ್ಲೇ ಬೇರೆ ಸಾಲಾಗಿ, 18% ಜಿಎಸ್‌ಟಿ ಸೇರಿಸಿ ಬರೆಯುತ್ತೇವೆ. "ಹೋದ ವರ್ಷ ಇಷ್ಟಿರಲಿಲ್ಲವಲ್ಲ ಸರ್" ಎನ್ನುವ ಆಡಳಿತ ಮಂಡಳಿಗೆ ತೋರಿಸಲು ಕಾಲೇಜಿನ ಹೆಸರಿನ ಟ್ಯಾಗ್ ಹಚ್ಚಿದ ಬಿಲ್ಲಿನ ಪುಟ ಇರುತ್ತದೆ. ಟ್ಯಾಗನ್ನು ಬಿಲ್ಲಿಂಗ್ ಪುಟದಲ್ಲಿ ಮುಂಚೆಯೇ ಸಕ್ರಿಯಗೊಳಿಸಿರಬೇಕು.